ಬೆರಳು ಜೋಮು, ರಿಪೋರ್ಟು ಗೋಜಲು: ನರದ ಟೆಸ್ಟ್ ಸೆಂಟರ್ ಮತ್ತು ಮಣಿಕಟ್ಟಿನ ಸ್ಪ್ಲಿಂಟ್ ರಿವ್ಯೂ

ನನ್ನ ಬಲಗೈ ಬೆರಳು ಜೋಮಿಗೆ ಕಾರಣ ಅಂತ ಕೊನೆಗೆ ಗೊತ್ತಾಗಿದ್ದು ಕಾರ್ಪಲ್ ಟನಲ್, ಅಂದ್ರೆ ಮಣಿಕಟ್ಟಲ್ಲಿ ನರ ಒತ್ತಿಸ್ಕೊಳ್ಳೋದು. ಪೂರ್ತಿ ಓದೋಕೆ ಪುರುಸೊತ್ತಿಲ್ದೋರಿಗೆ ಮೊದಲೇ ರೇಟಿಂಗ್ ಹೇಳಿಬಿಡ್ತೀನಿ. ಮೊದಲು ನರದ ಟೆಸ್ಟ್ ಮಾಡಿಸಿದ ಸೆಂಟರ್‌ಗೆ 5ಕ್ಕೆ 1, ಆಮೇಲೆ ಮಾಡಿಸಿದ ಕಡೆಗೆ ನಾಲ್ಕೂವರೆ (ಅರ್ಧ ಕಟ್ ಮಾಡಿದ್ದು ಕಾಯಿಸಿದ್ದಕ್ಕೆ), ಮೆಡಿಕಲ್ ಶಾಪಲ್ಲಿ ಕೊಟ್ಟ ಎಲಾಸ್ಟಿಕ್ ಪಟ್ಟಿಗೆ 1, ಒಳಗೆ ಲೋಹದ ಪಟ್ಟಿ ಇರೋ ಸ್ಪ್ಲಿಂಟಿಗೆ (ಮಣಿಕಟ್ಟು ಬಗ್ಗದಂಗೆ ಹಿಡಿಯೋ ಕಟ್ಟು) 4, ಕುತ್ತಿಗೆ ಕಾಲರ್‌ಗೆ ಸೊನ್ನೆ. ಡಾಕ್ಟರ್ ಹೆಸರು, ಆಸ್ಪತ್ರೆ ಹೆಸರು ಯಾವುದೂ ಬರೆಯಲ್ಲ, ಬೈದಿರೋರದ್ದೂ ಇಲ್ಲ ಹೊಗಳಿರೋರದ್ದೂ ಇಲ್ಲ, ಇನ್‌ಬಾಕ್ಸಲ್ಲಿ ಕೇಳಬೇಡಿ ಪ್ಲೀಸ್. ಏನು ಕೇಳಬೇಕು, ಎಂಥ ಟೆಸ್ಟ್ ಸರಿಯಾಗಿ ಮಾಡಿದಾರೆ ಅಂತ ಹೆಂಗೆ ಗೊತ್ತಾಗುತ್ತೆ ಅನ್ನೋದನ್ನ ಬರೀತೀನಿ, ಅದು ಯಾವ ಊರಲ್ಲಿದ್ರೂ ಉಪಯೋಗಕ್ಕೆ ಬರುತ್ತೆ.

ನಾನು ಶಿವಮೊಗ್ಗ. ಮನೇಲೇ ಬ್ಲೌಸ್ ಹೊಲಿತೀನಿ, ಸೀರೆಗೆ ಕುಚ್ಚು ಹಾಕ್ತೀನಿ. ಕುಚ್ಚು ಹಾಕೋರಿಗೆ ಗೊತ್ತಿರುತ್ತೆ, ಕ್ರೋಶಾ ಕಡ್ಡಿ ಹಿಡಿದು ಕೂತ್ರೆ ಹೆಬ್ಬೆರಳು ತೋರುಬೆರಳು ಮಧ್ಯದ ಬೆರಳು ಇವು ಮೂರದ್ದೇ ಕೆಲಸ, ಮಣಿಕಟ್ಟು ಬಗ್ಗಿಸ್ಕೊಂಡೇ ಇರಬೇಕು, ರೇಷ್ಮೆ ದಾರ ಎಷ್ಟು ಬಿಗಿ ಇದೆ ಅಂತ ಕಣ್ಣಿಗಿಂತ ಬೆರಳ ತುದಿಗೇ ಮೊದಲು ಗೊತ್ತಾಗೋದು. ಆ ಬೆರಳ ತುದೀನೇ ಸುಮ್ಮನಾಗೋಯ್ತು. ಬೀಡ್ಸ್ ಹಿಡ್ಕೊಂಡಿದೀನಿ ಅನ್ಕೊಂಡಿರ್ತೀನಿ, ನೋಡಿದ್ರೆ ಮಡಿಲಲ್ಲಿ ಬಿದ್ದಿರುತ್ತೆ. ರಾತ್ರಿ ಮಾತ್ರ ಬೇರೆ ಕಥೆ, ಮೂರು ಗಂಟೆ ಹೊತ್ತಿಗೆ ಬಲಗೈ ಪೂರ್ತಿ ಜೋಮು ಹಿಡಿದು ಉರಿಯೋದು, ಎದ್ದು ಕೂತು ಕೈ ಒದರಿ ಒದರಿ ಆಮೇಲೆ ಮಲಗೋದು. ಇದರ ಜೊತೆಗೆ ಮೊಣಕೈ ಮಡಚಿ ಫೋನ್ ಹಿಡ್ಕೊಂಡ್ರೆ ಕಿರುಬೆರಳೂ ಜುಮು ಜುಮು ಅನ್ನೋದು. ಕುತ್ತಿಗೆ ನೋವು ಅಂತೂ ಹೊಲಿಗೆ ಮಷಿನ್ ಮುಂದೆ ಕೂರೋರಿಗೆ ಯಾರಿಗಿಲ್ಲ ಹೇಳಿ, ಅದೂ ಇತ್ತು. ಈ ಮೂರೂ ಒಟ್ಟಿಗೆ ಇದ್ದಿದ್ದೇ ಎಲ್ಲಾ ಗೋಜಲಿಗೂ ಮೂಲ, ಯಾಕಂದ್ರೆ ಒಬ್ಬೊಬ್ಬ ಡಾಕ್ಟರೂ ಒಂದೊಂದನ್ನ ಹಿಡ್ಕೊಂಡ್ರು.

ಮನೇಲಿ ಅತ್ತೆ ಇದು ವಾಯು ಅಂದ್ರು, ಬೆಳ್ಳುಳ್ಳಿ ಎಣ್ಣೆ ಕಾಯಿಸಿ ತಿಕ್ಕಿದ್ರು. ಘಮ ಘಮ ಅಂತಿತ್ತು ಅಷ್ಟೇ. ನಮ್ಮ ಏರಿಯಾ ಕ್ಲಿನಿಕ್‌ನೋರು ನರ ದೌರ್ಬಲ್ಯ ಅಂದು ಬಿ ಕಾಂಪ್ಲೆಕ್ಸ್ ಇಂಜೆಕ್ಷನ್ ಬರೆದ್ರು. ಸೊಂಟಕ್ಕೆ ಚುಚ್ಚಿಸ್ಕೊಂಡು ಬಂದಿದ್ದೇ ಬಂತು. ಮೂಳೆ ಡಾಕ್ಟರ್ ಹತ್ರ ಹೋದ್ರೆ ಕೈ ಮುಟ್ಟಿಯೂ ನೋಡಲಿಲ್ಲ, ಸ್ಪಾಂಡಿಲೈಟಿಸ್ ಅಂದ್ರು, ಕುತ್ತಿಗೆ ಎಂಆರ್‌ಐ ಬರೆದ್ರು, 6,500 ಆಯ್ತು. ರಿಪೋರ್ಟಲ್ಲಿ ಸಿ5-ಸಿ6 ಡಿಸ್ಕ್ (ಕುತ್ತಿಗೆ ಮೂಳೆಗಳ ಮಧ್ಯದ ಮೆತ್ತೆ) ಉಬ್ಬಿದೆ ಅಂತ ಬಂತು, ನೋಡಿ ನಾನ್ ಹೇಳ್ಲಿಲ್ವಾ ಅಂದ್ರು, ಕಾಲರ್ ಹಾಕ್ಸಿದ್ರು. ಆ ಕಾಲರ್ ಹಾಕ್ಕೊಂಡು ಬ್ಲೌಸ್ ಕಟಿಂಗ್ ಮಾಡಿ ನೋಡಿ ಒಂದ್ಸಲ, ಬಟ್ಟೆ ಕಾಣಲ್ಲ ಗೋಡೆ ಕಾಣುತ್ತೆ. ಆಮೇಲೆ ತಿಳಿದಿದ್ದು ಏನಪ್ಪಾ ಅಂದ್ರೆ ನಲವತ್ತು ದಾಟಿದೋರ ಕುತ್ತಿಗೆ ಎಂಆರ್‌ಐ ತೆಗೆದ್ರೆ ಯಾವ ತೊಂದರೆ ಇಲ್ಲದೋರಲ್ಲೂ ಡಿಸ್ಕ್ ಉಬ್ಬಿರೋದು ತುಂಬಾ ಜನಕ್ಕೆ ಕಾಣುತ್ತಂತೆ. ಅದು ಕಂಡ ತಕ್ಷಣ ಕೈ ಜೋಮಿಗೆ ಅದೇ ಕಾರಣ ಅಂತ ಅಲ್ಲ. ಕುತ್ತಿಗೆ ತಿರುಗಿಸಿದ್ರೆ, ಹಿಂದಕ್ಕೆ ಬಗ್ಗಿಸಿದ್ರೆ ನೋವು ಭುಜದಿಂದ ತೋಳಿಗೆ ಇಳಿಬೇಕು, ತೋಳಿನ ಶಕ್ತಿ ಕಮ್ಮಿ ಆಗಿರಬೇಕು, ಸುತ್ತಿಗೆ ಥರದ್ದರಲ್ಲಿ ತಟ್ಟಿ ನೋಡ್ತಾರಲ್ಲ ಅದು ಮಂದ ಆಗಿರಬೇಕು, ಇಂಥದ್ದು ಏನಾದ್ರೂ ಹೊಂದಬೇಕು. ನನಗೆ ಇದ್ಯಾವುದೂ ಇರಲಿಲ್ಲ, ಆದ್ರೆ ಯಾರೂ ನೋಡೇ ಇರಲಿಲ್ಲವಲ್ಲ.

ಈಗ ಮುಖ್ಯವಾದ ರಿವ್ಯೂಗೆ ಬರ್ತೀನಿ, ನರ್ವ್ ಕಂಡಕ್ಷನ್ ಟೆಸ್ಟು. ಎನ್‌ಸಿಎಸ್ ಅಂತಾರೆ, ಕೆಲವರು ಎನ್‌ಸಿವಿ ಅಂತ ಬರೆದಿರ್ತಾರೆ, ಹೆಚ್ಚು ಕಮ್ಮಿ ಒಂದೇ. ನರಕ್ಕೆ ಒಂದು ಕಡೆ ಸಣ್ಣ ಕರೆಂಟ್ ಕೊಟ್ಟು ಇನ್ನೊಂದು ಕಡೆ ಅದು ಎಷ್ಟು ಬೇಗ, ಎಷ್ಟು ಜೋರಾಗಿ ಬಂದು ಮುಟ್ಟುತ್ತೆ ಅಂತ ಅಳೀತಾರೆ. ಚೆನ್ನಾಗಿರೋ ಕೈಯಲ್ಲಿ ಸೆಕೆಂಡಿಗೆ 50 ಮೀಟರ್ ಅಥವಾ ಅದಕ್ಕಿಂತ ಸ್ಪೀಡಲ್ಲಿ ಹೋಗುತ್ತೆ. ಸೂಜಿ ಚುಚ್ಚೋದು ಇಎಂಜಿ, ಅದು ಬೇರೆ, ಅದು ಮಾಂಸಖಂಡಕ್ಕೆ ಮಾಡೋದು, ಎಲ್ಲರಿಗೂ ಬೇಕಾಗಲ್ಲ. ನೋವಾಗುತ್ತಾ ಅಂತ ಎಲ್ಲರೂ ಕೇಳ್ತಾರೆ. ನೋವಲ್ಲ, ಚುಳ್ ಅನ್ನುತ್ತೆ, ಬೆರಳು ತಾನೇ ತಾನಾಗಿ ಕುಣಿಯುತ್ತೆ, ಮೊಣಕೈ ಹತ್ರ ಕೊಟ್ಟಾಗ ಮಾತ್ರ ಅಯ್ಯೋ ಅನ್ನಿಸುತ್ತೆ.

ಮೊದಲನೇ ಸೆಂಟರ್. ಆಷಾಢದಲ್ಲಿ ಹೋಗಿದ್ದು, ಮದುವೆ ಸೀಸನ್ ಇಲ್ಲ ಕುಚ್ಚಿನ ಕೆಲಸ ಕಮ್ಮಿ ಅಂತ. ನಮ್ಮ ಕಡೆ ಆಷಾಢದ ಮಳೆ ಹೆಂಗಿರುತ್ತೆ ಗೊತ್ತಲ್ಲ, ಸ್ಕೂಟಿಲಿ ಹೋಗಿ ಕೈ ಐಸ್ ಆಗಿತ್ತು, ಒಳಗೆ ಹೋದ್ರೆ ಎಸಿ ರೂಮು, ಸ್ಟೀಲ್ ಟೇಬಲ್ ಮೇಲೆ ಕೈ ಇಡಿ ಅಂದ. ಹುಡುಗ ಕಿವಿಯಲ್ಲಿ ಬ್ಲೂಟೂತ್ ಹಾಕ್ಕೊಂಡು ಯಾರ ಜೊತೆಗೋ ಕ್ರಿಕೆಟ್ ಮಾತಾಡ್ತಾನೇ ಇದ್ದ, ಹಂಗೇ ಪಟಪಟ ಅಂತ ಶಾಕ್ ಕೊಟ್ಟ, ಹತ್ತು ನಿಮಿಷದಲ್ಲಿ ಮುಗೀತು. ಯಾವ ಬೆರಳು ಜೋಮು ಅಂತ ಒಂದ್ ಮಾತು ಕೇಳಲಿಲ್ಲ. ಚೀಟಿಯಲ್ಲಿ ಕೈ ಜೋಮು ಅಂತ ಬರೆದಿದೆ, ಕೈಗೆ ಮಾಡಿದೀನಿ, ಅಷ್ಟೇ ಅವನ ಲೆಕ್ಕ. ಸಂಜೆ ರಿಪೋರ್ಟ್ ಬಂತು, ಎರಡೂ ಕೈಯಲ್ಲಿ ಎಲ್ಲಾ ನರಗಳೂ ಸ್ವಲ್ಪ ಸ್ವಲ್ಪ ಸ್ಲೋ, ಪಾಲಿನ್ಯೂರೋಪತಿ (ಒಂದಲ್ಲ, ತುಂಬಾ ನರಗಳು ಒಟ್ಟಿಗೆ ಸೊರಗೋದು) ಇರಬಹುದು ಅಂತ ಕೆಳಗೆ ಪ್ರಿಂಟ್ ಆಗಿತ್ತು. ಅಷ್ಟು ಓದಿದ್ದೇ ನಮ್ಮನೆಯವರ ಮುಖ ಇಳಿದೋಯ್ತು. ಶುಗರ್ ಇರಬಹುದು ಅಂತ ಮೂರು ತಿಂಗಳ ಶುಗರ್ ಟೆಸ್ಟು, ಬಿ12, ಥೈರಾಯ್ಡ್, ಕಿಡ್ನಿ, ಎಲ್ಲಾ ರಕ್ತ ತೆಗೆಸಿದ್ದಾಯ್ತು. ಎಲ್ಲಾ ನಾರ್ಮಲ್. ಈ ರಕ್ತದ ಟೆಸ್ಟ್ ದಂಡ ಅಂತ ಹೇಳ್ತಿಲ್ಲ, ಶುಗರ್ ಇರೋರಿಗೆ, ಥೈರಾಯ್ಡ್ ಕಮ್ಮಿ ಇರೋರಿಗೆ, ಬಸುರಿಯರಿಗೆ, ಕೀಲುವಾತ ಇರೋರಿಗೆ ಮಣಿಕಟ್ಟಿನ ನರ ಒತ್ತೋದು ಜಾಸ್ತಿ, ಸಸ್ಯಾಹಾರಿಗಳಿಗೆ ಬಿ12 ಕಮ್ಮಿ ಆಗಿರುತ್ತೆ, ಶುಗರ್‌ಗೆ ಮೆಟ್‌ಫಾರ್ಮಿನ್ ವರ್ಷಗಟ್ಲೆ ತಗೊಳ್ಳೋರಿಗೂ ಬಿ12 ಇಳಿಯುತ್ತೆ, ಹಂಗಾಗಿ ಮಾಡಿಸೋದು ಒಳ್ಳೇದೇ. ಆದ್ರೆ ಇಂಥ ಕಾಯಿಲೆಗಳಲ್ಲಿ ನರ ಎಲ್ಲಾ ಕಡೆ ಸೊರಗಿದ್ರೆ ಸಾಮಾನ್ಯವಾಗಿ ಪಾದದಿಂದ ಶುರು ಆಗುತ್ತೆ, ಎರಡೂ ಕಡೆ ಆಗುತ್ತೆ. ನನ್ನ ಪಾದ ಚೆನ್ನಾಗೇ ಇತ್ತು. ಎಡಗೈಯಲ್ಲಿ ಏನೂ ಇರಲಿಲ್ಲ. ರಿಪೋರ್ಟಲ್ಲಿ ಮಾತ್ರ ಎಡಗೈಗೂ ಕಾಯಿಲೆ.

ಕೊನೆಗೆ ಅತ್ತಿಗೆ ಹೇಳಿದ್ರು ಅಂತ ಒಬ್ಬರು ನರರೋಗ ತಜ್ಞರ ಹತ್ರ ಹೋದ್ವಿ. ಜನಶತಾಬ್ದಿ ಹತ್ತಿ ಬೆಂಗಳೂರು. ಅಲ್ಲಿ ಕಾಯಿಸಿದ್ರು ಅಂದ್ರೆ ಕಾಯಿಸಿದ್ರು ಮಾರಾಯ್ರೆ, ಹನ್ನೊಂದಕ್ಕೆ ಅಪಾಯಿಂಟ್ಮೆಂಟ್, ಒಳಗೆ ಕರೆದಾಗ ಊಟದ ಹೊತ್ತು ದಾಟಿತ್ತು, ಕ್ಯಾಂಟೀನ್ ಇಡ್ಲಿ ರಬ್ಬರ್. ಫೈಲ್ ಕೊಟ್ಟೆ, ಪಕ್ಕಕ್ಕಿಟ್ರು. ಒಂದು ಬಿಳಿ ಹಾಳೆ ಕೊಟ್ಟು ‘ನಿಮ್ಮ ಕೈ ಇದರ ಮೇಲಿಟ್ಟು ಸುತ್ತ ಗೆರೆ ಎಳೀರಿ, ಆಮೇಲೆ ಎಲ್ಲೆಲ್ಲಿ ಜೋಮೋ ಅಲ್ಲಿ ಮಾತ್ರ ಗೀಚಿ ಅಮ್ಮ’ ಅಂದ್ರು. ಗೀಚೋಕೆ ಕೂತಾಗಲೇ ನನಗೇ ಗೊತ್ತಾಗಿದ್ದು, ಇಡೀ ಕೈ ಜೋಮು ಅಂತ ಇಷ್ಟು ದಿನ ಎಲ್ಲರಿಗೂ ಹೇಳ್ತಿದ್ದೆ, ಅಂಗೈ ನಡುವೆ ಪೆನ್ಸಿಲ್ ಹೋಗ್ತಾನೇ ಇಲ್ಲ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಕಪ್ಪಾಯ್ತು. ಆಮೇಲೆ ಹತ್ತಿ ಎಳೆ ತಗೊಂಡು ಕಣ್ಣು ಮುಚ್ಚಿಸಿ ಉಂಗುರ ಬೆರಳನ್ನ ಮುಟ್ಟಿದ್ರು. ಮಧ್ಯದ ಬೆರಳ ಕಡೆಗಿರೋ ಮಗ್ಗುಲು ಮಂದ, ಕಿರುಬೆರಳ ಕಡೆಗಿರೋ ಮಗ್ಗುಲು ಚೆನ್ನಾಗಿ ಗೊತ್ತಾಗುತ್ತೆ. ಒಂದೇ ಬೆರಳು, ಅರ್ಧ ಒಂದು ಥರ, ಅರ್ಧ ಇನ್ನೊಂದು ಥರ! ಉಂಗುರ ಬೆರಳಿಗೆ ಎರಡು ನರ ಅರ್ಧರ್ಧ ಹಂಚ್ಕೊಂಡಿರ್ತವಂತೆ, ಹೆಬ್ಬೆರಳ ಕಡೆ ಮೀಡಿಯನ್, ಕಿರುಬೆರಳ ಕಡೆ ಅಲ್ನರ್. ಕುತ್ತಿಗೆಯಿಂದ ಬಂದಿರೋ ಜೋಮು ಬೆರಳನ್ನ ಹಿಂಗೆ ಸೀಳಿ ಅರ್ಧ ಮಾಡೋದು ಅಪರೂಪ ಅಂದ್ರು. ಅಂಗೈಗೆ ಹೋಗೋ ಮೀಡಿಯನ್ ನರದ ಸಣ್ಣ ಕವಲು ಮಣಿಕಟ್ಟಿನ ಸುರಂಗದೊಳಗೆ (ಆ ನರ ಹಾದು ಹೋಗೋ ಇಕ್ಕಟ್ಟು ದಾರಿ) ಹೋಗದೆ ಮೇಲಿಂದ ಹಾದು ಹೋಗುತ್ತಂತೆ, ಅದಕ್ಕೇ ಅಂಗೈಗೆ ಏನೂ ಆಗಿರಲಿಲ್ಲ.

‘ರಾತ್ರಿ ಎದ್ದಾಗ ಏನ್ ಮಾಡ್ತೀರಿ’ ಅಂದ್ರು. ಕೈ ಒದರ್ತೀನಿ ಸಾರ್ ಅಂದೆ, ಒದರಿ ತೋರಿಸಿದೆ. ‘ಎಂಆರ್‌ಐಗಿಂತ ಇದು ಉಪಯೋಗದ್ದು’ ಅಂತ ನಕ್ಕು, ಮಣಿಕಟ್ಟಿನ ನರಕ್ಕೆ ಇದೊಂದು ಗುರುತು ಅಂತ ಬರ್ಕೊಂಡ್ರು. ಆಮೇಲೆ ಎರಡೂ ಕೈಯ ಹಿಂಬದಿ ಒಂದಕ್ಕೊಂದು ಒತ್ತಿ ಮಣಿಕಟ್ಟು ಬಗ್ಗಿಸಿ ಒಂದು ನಿಮಿಷ ಹಿಡಿಸಿದ್ರು, ಫೇಲನ್ ಅಂತ ಅದು, ಅರ್ಧ ನಿಮಿಷಕ್ಕೇ ಮೂರೂ ಬೆರಳು ಜುಮ್ ಅಂದ್ವು. ಮಣಿಕಟ್ಟು ತಟ್ಟಿ ನೋಡಿದ್ರು, ಅದು ಟಿನೆಲ್, ಆ ಹೆಸರಿನ ಡಾಕ್ಟರ್ ಮೊದಲನೇ ಮಹಾಯುದ್ಧದ ಕಾಲದಲ್ಲಿ ಗಾಯಗೊಂಡ ಸೈನಿಕರ ನರ ನೋಡ್ತಾ 1915ರಲ್ಲಿ ಬರೆದಿದ್ದಂತೆ, ನನಗೆ ಅದರಲ್ಲಿ ಏನೂ ಆಗಲಿಲ್ಲ. ಆಗದಿದ್ರೂ ಪರವಾಗಿಲ್ಲ, ಒಂದೇ ಪರೀಕ್ಷೆ ಮೇಲೆ ಹೇಳೋಕಾಗಲ್ಲ ಅಂದ್ರು. ಕಾಗದ ಒಂದನ್ನ ಹೆಬ್ಬೆರಳು ತೋರುಬೆರಳ ಮಧ್ಯೆ ಹಿಡಿಸಿ ಎಳೆದ್ರು, ಹೆಬ್ಬೆರಳಿನ ತುದಿ ಗೆಣ್ಣು ಮಡಚಿಕೊಳ್ಳುತ್ತಾ ಅಂತ ನೋಡೋಕೆ, ಅದು ಕಿರುಬೆರಳಿನ ನರಕ್ಕೆ. ಹೆಬ್ಬೆರಳಿನ ಬುಡದಲ್ಲಿ ಉಬ್ಬಿರುತ್ತಲ್ಲ ಮಾಂಸ, ಅದು ಎಡಗೈಗಿಂತ ಚಪ್ಪಟೆ ಆಗಿದೆಯಾ ಅಂತ ಎರಡೂ ಕೈ ಪಕ್ಕಪಕ್ಕ ಇಡಿಸಿ ನೋಡಿದ್ರು. ಅದು ಸೊರಗಿದ್ರೆ ಕಾಯಬಾರದಂತೆ, ಆಪರೇಷನ್ ಮಾತು ಆಗಲೇ ಬರುತ್ತೆ.

ಇನ್ನೊಂದು ವಿಷಯ, ಇದನ್ನ ಬರೀಬೇಕೋ ಬೇಡ್ವೋ ಅಂತ ಯೋಚನೆ ಮಾಡಿದೆ, ಬರೆಯೋದೇ ಸರಿ. ಮೊಣಕೈ ಹಿಂದೆ ಕೈ ಹಾಕಿ ನರ ದಪ್ಪ ಆಗಿದೆಯಾ ಅಂತ ಉರುಳಿಸಿ ನೋಡಿದ್ರು, ಮೈಮೇಲೆ ಎಲ್ಲಾದ್ರೂ ಬಿಳಿಚಿದ, ಮುಟ್ಟಿದ್ರೆ ಗೊತ್ತಾಗದ ಮಚ್ಚೆ ಇದೆಯಾ ಅಂತ ಕೇಳಿದ್ರು. ಕುಷ್ಠರೋಗ ಇದೆಯಾ ಅಂತ ನೋಡೋಕೆ. ನಮ್ಮನೆಯವರು ಬೆಚ್ಚಿಬಿದ್ರು. 2005ರಲ್ಲಿ ದೇಶದ ಮಟ್ಟದಲ್ಲಿ ನಿರ್ಮೂಲನೆ ಗುರಿ ಮುಟ್ಟಿದೀವಿ ಅಂತ ಸರ್ಕಾರ ಹೇಳಿದ್ರೂ, ಅಂದ್ರೆ ಹತ್ತು ಸಾವಿರ ಜನಕ್ಕೆ ಒಬ್ಬರಿಗಿಂತ ಕಮ್ಮಿ, ಹೊಸ ಕೇಸು ಈಗಲೂ ಬರ್ತಾವೆ, ಕೈ ನರ ಅಂತ ಬಂದೋರಲ್ಲಿ ನಮ್ಮ ದೇಶದಲ್ಲಿ ಇದನ್ನ ನೋಡದೆ ಬಿಡಬಾರದು ಅಂದ್ರು. ಸರ್ಕಾರಿ ಆಸ್ಪತ್ರೇಲಿ ಮಾತ್ರೆ ಫ್ರೀ, ವಾಸಿ ಆಗುತ್ತೆ, ಲೇಟಾದ್ರೆ ಮಾತ್ರ ಬೆರಳು ಮಡಚ್ಕೊಂಡು ಹಂಗೇ ಉಳಿಯುತ್ತೆ. ನನಗಿರಲಿಲ್ಲ. ಆದ್ರೆ ಅಷ್ಟು ಕಡೆ ಅಲೆದ್ರೂ ಈ ಪ್ರಶ್ನೆ ಕೇಳಿದ್ದು ಇವರೊಬ್ಬರೇ.

ಆಮೇಲೆ ಹಳೇ ರಿಪೋರ್ಟ್ ತೆಗೆದು ನೋಡಿದ್ರು. ‘ಇದರಲ್ಲಿ ಕೈ ಟೆಂಪರೇಚರ್ ಎಲ್ಲಿದೆ’ ಅಂದ್ರು. ಇಲ್ಲ. ಇಲ್ಲಿದೆ ನೋಡಿ ವಿಷಯ. ಕೈ ತಣ್ಣಗಿದ್ರೆ ನರ ನಿಧಾನ ಆಗುತ್ತಂತೆ, ಒಂದು ಡಿಗ್ರಿ ಇಳಿದ್ರೆ ಸೆಕೆಂಡಿಗೆ ಸುಮಾರು 2 ಮೀಟರ್ ಸ್ಪೀಡ್ ಕಮ್ಮಿ. ಕೈ ಚರ್ಮ 32 ಡಿಗ್ರಿ ಆಸುಪಾಸು ಇರಬೇಕು. ಮಳೇಲಿ ನೆನೆದು ಎಸಿ ರೂಮಲ್ಲಿ ಸ್ಟೀಲ್ ಟೇಬಲ್ ಮೇಲೆ ಇಟ್ಟ ಕೈ 27 ಇದ್ರೆ ಹತ್ತು ಮೀಟರ್ ಅಲ್ಲೇ ಹೋಯ್ತು! ಚೆನ್ನಾಗಿರೋ ಎಡಗೈಯೂ ಕಾಯಿಲೆ ಕೈ ಆಗೋದು ಹಂಗೆ. ನಾವು ಆ ಒಂದು ಹಾಳೆ ಹಿಡ್ಕೊಂಡು ಶುಗರ್ ಬಂತಾ, ಇನ್ನೇನೋ ಬಂತಾ ಅಂತ ನಿದ್ದೆಗೆಟ್ಟಿದ್ದು ನೆನೆಸ್ಕೊಂಡು ಸಿಟ್ಟು ಬಂತು.

ಅಲ್ಲೇ ಮತ್ತೆ ಟೆಸ್ಟ್ ಮಾಡಿದ್ರು, 3,200 ಆಯ್ತು. ಇಲ್ಲಿ ಮಾಡಿದ ಹುಡುಗಿ ಮೊದಲು ಬಿಸಿನೀರಿನ ಬ್ಯಾಗ್ ಕೊಟ್ಟು ಕೈ ಕಾಯಿಸ್ಕೊಳ್ಳಿ ಅಕ್ಕ ಅಂದ್ಲು, ಚರ್ಮಕ್ಕೆ ಒಂದು ಸಣ್ಣ ವೈರ್ ಅಂಟಿಸಿ ಟೆಂಪರೇಚರ್ ಸ್ಕ್ರೀನ್ ಮೇಲೆ ತೋರಿಸಿದ್ಲು. ಬಳೆ ಉಂಗುರ ತೆಗೆಸಿದ್ಲು, ಸ್ಪಿರಿಟ್ಟಲ್ಲಿ ಒರೆಸಿದ್ಲು, ಟೇಪಲ್ಲಿ ಅಳತೆ ಹಿಡಿದು ಪೆನ್ನಲ್ಲಿ ಗುರುತು ಹಾಕಿದ್ಲು. ನಾನು ಬ್ಲೌಸಿಗೆ ಅಳತೆ ತಗೊಳ್ಳೋಕಿಂತ ನಿಗಾ ಇಟ್ಟು ತಗೊಂಡ್ಲು ಅಂದ್ರೆ ನಂಬಿ, ಯಾಕಂದ್ರೆ ಆ ಅಳತೆ ಅರ್ಧ ಇಂಚು ತಪ್ಪಿದ್ರೂ ಸ್ಪೀಡ್ ಲೆಕ್ಕ ತಪ್ಪುತ್ತೆ. ಮಾಮೂಲಿ ಟೆಸ್ಟಲ್ಲಿ ನನ್ನ ಮೀಡಿಯನ್ ನರ ಗಡಿ ಮೇಲೆ ಇತ್ತು, ಪಾಸೂ ಅಲ್ಲ ಫೇಲೂ ಅಲ್ಲ. ಆಗ ಅವಳು ಉಂಗುರ ಬೆರಳಿಗೆ ರಿಂಗ್ ಥರದ್ದು ಹಾಕಿ ಎರಡೂ ನರಕ್ಕೂ ಅಷ್ಟೇ ದೂರದಿಂದ ಕರೆಂಟ್ ಕೊಟ್ಲು. ಒಂದೇ ಕೈ, ಒಂದೇ ಬೆರಳು, ಒಂದೇ ಬಿಸಿ, ಹಂಗಾಗಿ ಯಾವುದು ಲೇಟ್ ಅಂತ ಸುಳ್ಳು ಹೇಳೋಕಾಗಲ್ಲ. ಎರಡೂ ಹತ್ತಿರ ಹತ್ತಿರ ಒಟ್ಟಿಗೇ ಬರಬೇಕು, ಅರ್ಧ ಮಿಲಿಸೆಕೆಂಡಿಗಿಂತ ಜಾಸ್ತಿ ಹಿಂದೆ ಬಿದ್ರೆ ಮಣಿಕಟ್ಟಲ್ಲಿ ಒತ್ತಡ ಇದೆ ಅಂತ. ನಂದು ಹಿಂದೆ ಬಿದ್ದಿತ್ತು. ಎಡಗೈ ಪೂರ್ತಿ ನಾರ್ಮಲ್ ಬಂತು.

ಕಾರ್ಪಲ್ ಟನಲ್, ಬಲಗೈ, ಮೈಲ್ಡ್. ಮಣಿಕಟ್ಟಲ್ಲಿ ಮೂಳೆ ಕೆಳಗೆ, ಗಟ್ಟಿ ಪಟ್ಟಿ ಮೇಲೆ, ಮಧ್ಯೆ ಇರೋ ಇಕ್ಕಟ್ಟಲ್ಲಿ ಬೆರಳು ಮಡಚೋ ಒಂಬತ್ತು ಸ್ನಾಯುರಜ್ಜು ಜೊತೆಗೆ ಈ ಒಂದು ನರ ಹೋಗಬೇಕು. ಒಳಗೆ ಸ್ವಲ್ಪ ಊದಿದ್ರೂ ಒತ್ತಿಸ್ಕೊಳ್ಳೋದು ನರಾನೇ.

ಕಿರುಬೆರಳ ವಿಷಯ ಮಾತ್ರ ಇನ್ನೂ ತೀರ್ಮಾನ ಆಗಿಲ್ಲ, ಅದನ್ನ ಮುಚ್ಚಿಡಲ್ಲ. ಮೊಣಕೈ ಹತ್ರ ಅಲ್ನರ್ ನರ ಒತ್ತಿಸ್ಕೊಳ್ತಿರಬಹುದು, ಟೆಸ್ಟಲ್ಲಿ ಹಿಡೀಲಿಲ್ಲ, ಬಂದು ಹೋಗೋ ಜೋಮು ಟೆಸ್ಟಲ್ಲಿ ಕಾಣದೇ ಇರೋದೂ ಉಂಟು. ಕೈ ಹಿಂಬದಿ, ಕಿರುಬೆರಳ ಕೆಳಗೆ, ಅಲ್ಲೂ ಜೋಮಾದ್ರೆ ಮೊಣಕೈ ಕಡೆಯದ್ದು, ಅಲ್ಲಿ ಚೆನ್ನಾಗಿದ್ದು ಬರೀ ಬೆರಳಾದ್ರೆ ಮಣಿಕಟ್ಟಿನ ಕಡೆಯದ್ದೂ ಇರಬಹುದು, ಗಮನ ಇಟ್ಟು ನೋಡ್ಕೊಂಡು ಬನ್ನಿ ಅಂತ ಹೋಮ್‌ವರ್ಕ್ ಕೊಟ್ಟಿದಾರೆ. ಕುತ್ತಿಗೆ ಸ್ವಲ್ಪ ಕೈ ಜೋಡಿಸಿದೆಯಾ ಅಂದೆ. ಮೇಲೊಂದು ಕಡೆ ಒತ್ತಿಸ್ಕೊಂಡ ನರ ಕೆಳಗೆ ಇನ್ನೊಂದು ಕಡೆ ಬೇಗ ಸೋಲುತ್ತೆ ಅಂತ 1973ರಲ್ಲೇ ಒಂದು ವಾದ ಬಂದಿದೆ, ಡಬಲ್ ಕ್ರಶ್ ಅಂತಾರೆ, ಡಾಕ್ಟರುಗಳಲ್ಲೇ ಒಪ್ಪೋರು ಅರ್ಧ ಒಪ್ಪದೋರು ಅರ್ಧ ಅಂದ್ರು. ‘ನಿಮ್ಮ ವಿಷಯದಲ್ಲಿ ಕುತ್ತಿಗೆ ಅಂತ ಹೇಳೋಕೆ ನನಗೆ ಪುರಾವೆ ಇಲ್ಲ, ಇಲ್ಲವೇ ಇಲ್ಲ ಅಂತಲೂ ಹೇಳಲ್ಲ’ ಅಂದ್ರು. ನನಗೆ ಈ ಮಾತು ಸ್ಪಾಂಡಿಲೈಟಿಸ್ ಅಂತ ಟಪ್ ಅಂತ ಸೀಲ್ ಹೊಡೆದಿದ್ದಕ್ಕಿಂತ ಎಷ್ಟೋ ಹಿತ ಅನ್ನಿಸ್ತು, ನಮ್ಮನೆಯವರಿಗೆ ಇಷ್ಟು ದುಡ್ಡು ಕೊಟ್ಟು ಇದನ್ನ ಕೇಳೋಕೆ ಬಂದ್ವಾ ಅನ್ನಿಸಿತಂತೆ. ಇರಲಿ.

ಈಗ ಸ್ಪ್ಲಿಂಟ್. ಮೆಡಿಕಲ್ ಶಾಪಲ್ಲಿ ಕೇಳಿದ್ರೆ ಮೊದಲು ಕೊಡೋದು ಹೆಬ್ಬೆರಳಿಗೆ ತೂತಿರೋ ಎಲಾಸ್ಟಿಕ್ ಪಟ್ಟಿ, ನೂರೈವತ್ತು ರೂಪಾಯಿ ಚಿಲ್ಲರೆ. ಅದು ಮಣಿಕಟ್ಟು ಬಗ್ಗೋದನ್ನ ನಿಲ್ಲಿಸಲ್ಲ, ಬಿಗಿಯಾಗಿ ಸುತ್ತಿದ್ರೆ ಇನ್ನೂ ಒತ್ತುತ್ತೆ, ನಂದು ಜಾಸ್ತೀನೇ ಆಗಿತ್ತು. ಬೇಕಾಗಿರೋದು ಒಳಗೆ ಅಲ್ಯೂಮಿನಿಯಂ ಪಟ್ಟಿ ಇರೋದು, 600ರಿಂದ 800 ಒಳಗೆ ಸಿಗುತ್ತೆ, ಬಲ ಎಡ ಬೇರೆ ಬೇರೆ, ಮಣಿಕಟ್ಟಿನ ಸುತ್ತಳತೆ ನೋಡಿ ಸೈಜ್ ತಗೊಳ್ಳಿ. ಆದ್ರೆ ತಂದ ಹಂಗೇ ಹಾಕ್ಕೋಬೇಡಿ. ತುಂಬಾ ಸ್ಪ್ಲಿಂಟಲ್ಲಿ ಆ ಪಟ್ಟಿ ಕೈನ ಹಿಂದಕ್ಕೆ ಎತ್ತಿ ಹಿಡಿಯೋ ಥರ ಬಾಗಿರುತ್ತೆ, ಇಪ್ಪತ್ತು ಮೂವತ್ತು ಡಿಗ್ರಿ. ಈ ಕಾಯಿಲೆಗೆ ಕೈ ನೇರ ಇರಬೇಕು, ಬಗ್ಗಿದ್ರೂ ಒತ್ತಡ, ಎತ್ತಿದ್ರೂ ಒತ್ತಡ. ಅಲ್ಲಿದ್ದ ಫಿಸಿಯೋ ಮೇಡಂ ಆ ಪಟ್ಟಿನ ಜೇಬಿಂದ ಹೊರಗೆಳೆದು ಟೇಬಲ್ ಅಂಚಿಗೆ ಒತ್ತಿ ನೇರ ಮಾಡಿ ಮತ್ತೆ ತೂರಿಸಿದ್ರು, ಒಂದು ನಿಮಿಷದ ಕೆಲಸ, ಪ್ಯಾಕೆಟ್ ಮೇಲೆ ಎಲ್ಲೂ ಬರೆದಿಲ್ಲ. ರಾತ್ರಿ ಮಾತ್ರ ಹಾಕೋದು, ಆರು ವಾರ ನೋಡೋಣ ಅಂದಿದಾರೆ. ಎರಡನೇ ವಾರಕ್ಕೇ ನಡುರಾತ್ರಿ ಏಳೋದು ನಿಂತಿದೆ, ಹಗಲು ಬೆರಳ ತುದಿ ಇನ್ನೂ ಪೂರ್ತಿ ವಾಪಸ್ ಬಂದಿಲ್ಲ. ಒಂದು ಪಾಯಿಂಟ್ ಕಟ್ ಮಾಡಿದ್ದು ಯಾಕೆ ಅಂದ್ರೆ ವೆಲ್ಕ್ರೋ ಬೆಡ್‌ಶೀಟಿಗೆ ಕಚ್ಕೊಳ್ಳುತ್ತೆ, ಸೆಖೆಗೆ ಒಳಗೆ ಬೆವರಿ ವಾಸನೆ, ತೊಳೆದ್ರೆ ನಮ್ಮ ಮಳೆಗಾಲದಲ್ಲಿ ಒಣಗೋಕೆ ಎರಡು ದಿನ. ಒಳಗೆ ಹಳೇ ಕಾಟನ್ ಕಾಲುಚೀಲದ ಮೂತಿ ಕತ್ತರಿಸಿ ತೋಳಿನ ಥರ ಹಾಕ್ಕೊಳ್ತೀನಿ, ಅದನ್ನ ಮಾತ್ರ ದಿನಾ ತೊಳೆದ್ರೆ ಸಾಕು. ಮೊಣಕೈಗೆ ದಪ್ಪ ಟವೆಲ್ ಸುತ್ತಿ ಮಲಗ್ತೀನಿ, ಮಡಚದೆ ಇರಲಿ ಅಂತ, ಅದಕ್ಕೆ ಖರ್ಚಿಲ್ಲ, ನೋಡಿದೋರು ನಗ್ತಾರೆ ಅಷ್ಟೇ. ಇದಕ್ಕೆ ಬಗ್ಗದಿದ್ರೆ ಮಣಿಕಟ್ಟಿಗೆ ಸ್ಟೀರಾಯ್ಡ್ ಇಂಜೆಕ್ಷನ್, ಅದಕ್ಕೂ ಆಗದಿದ್ರೆ ಆ ಗಟ್ಟಿ ಪಟ್ಟಿ ಕೊಯ್ದು ಬಿಡಿಸೋ ಸಣ್ಣ ಆಪರೇಷನ್. ಸದ್ಯಕ್ಕೆ ಬೇಡ ಅಂದಿದಾರೆ.

ಟೆಸ್ಟಿಗೆ ಹೋಗೋರಿಗೆ ಕೆಲವು ವಿಷಯ. ಆವತ್ತು ಕೈಗೆ ಎಣ್ಣೆ, ಕ್ರೀಮು, ಮಾಯಿಶ್ಚರೈಸರ್ ಹಚ್ಚಬೇಡಿ, ಬೆಳ್ಳುಳ್ಳಿ ಎಣ್ಣೆ ಅಂತೂ ಬೇಡವೇ ಬೇಡ. ಬಿಗಿ ಬಳೆ ಮನೇಲೇ ಬಿಚ್ಚಿಟ್ಟು ಹೋಗಿ, ತೋಳು ಮಡಚೋಕಾಗೋ ಬ್ಲೌಸು ಅಥವಾ ಟಾಪ್ ಹಾಕ್ಕೊಳ್ಳಿ. ಪೇಸ್‌ಮೇಕರ್ ಇದ್ರೆ ಮೊದಲೇ ಹೇಳಿ, ಸೂಜಿ ಟೆಸ್ಟೂ ಇದ್ರೆ ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದೀನಿ ಅಂತ ಹೇಳಿ. ಕೈ ತಣ್ಣಗಿದ್ರೆ ಕಾಯಿಸಿ ಅಂತ ನೀವೇ ಕೇಳಿ, ರಿಪೋರ್ಟಲ್ಲಿ ಟೆಂಪರೇಚರ್ ಹಾಕಿದಾರಾ ನೋಡಿ. ಹೋಗೋ ಮುಂಚೆ ಮನೇಲೇ ಹಾಳೆ ಮೇಲೆ ಕೈ ಇಟ್ಟು ಗೆರೆ ಎಳೆದು ಜೋಮಿರೋ ಜಾಗ ಗೀಚ್ಕೊಂಡು ಹೋಗಿ, ಕೈಯ ಮುಂಭಾಗ ಹಿಂಭಾಗ ಎರಡೂ. ಹೆಬ್ಬೆರಳ ಬುಡದ ಮಾಂಸ ಇಳಿದಿದ್ರೆ, ಕೈಯಿಂದ ಲೋಟ ಜಾರ್ತಿದ್ರೆ, ಇಲ್ಲಾ ಇದ್ದಕ್ಕಿದ್ದಂಗೆ ಒಂದೇ ಸಲಕ್ಕೆ ಕೈ ಮುಖ ಎರಡೂ ಸೋತ್ರೆ (ಅದು ಬೇರೆ, ಅದು ಲಕ್ವ ಇರಬಹುದು, ಸೀದಾ ಎಮರ್ಜೆನ್ಸಿಗೆ ಓಡಿ) ಸ್ಪ್ಲಿಂಟ್ ತಂದು ಹಾಕ್ಕೊಂಡು ಕೂರಬೇಡಿ.

ಬೆಂಗಳೂರಿನ ಆ ಜಾಗದಲ್ಲಿ ಟೆಸ್ಟ್ ಮಾಡೋದು ಮಧ್ಯಾಹ್ನ ಎರಡರ ಮೇಲೇನೇ, ಹಂಗಾಗಿ ವಾಪಸ್ ಟ್ರೈನ್ ರಾತ್ರಿದು ಬುಕ್ ಮಾಡಿ, ಸಂಜೆದು ಮಾಡಿದ್ರೆ ರಿಪೋರ್ಟ್ ಕೈಗೆ ಸಿಗಲ್ಲ. ಇಡ್ಲಿ ತಿನ್ನಬೇಡಿ.